ಮೂರು ಸೀಟು, ಒಂದು ಟಿಸಿ

ನಮ್ಮ ಮನೆ ಮಂದಿಯ ವಾಟ್ಸಾಪ್ ಗುಂಪಿನಲ್ಲಿ ಹದಿನೇಳು ಜನ ಇದ್ದೇವೆ. ಬೆಳಿಗ್ಗೆ ಒಂದು ವಚನ, ಒಂದು ಹೂವಿನ ಚಿತ್ರ, ರಾತ್ರಿ ಯಾರದ್ದಾದರೂ ಹುಟ್ಟುಹಬ್ಬ. ಅಷ್ಟೇ ನಮ್ಮ ವ್ಯವಹಾರ. ಅಂಥ ಗುಂಪಿನಲ್ಲಿ ಎರಡು ದಿನ ಜಗಳ ನಡೆಯಿತು. ಮನೆಯವರನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಬೈಗುಳ ತೆಗೆದಿದ್ದೇನೆ, ಕಾಕಾನ ಹೂವಿನ ಚಿತ್ರಗಳನ್ನೂ.

ಶುರುವಾಗಿದ್ದು ಒಂದು ಪೋಸ್ಟರಿನಿಂದ. ನನ್ನ ಅಣ್ಣ ಇರುವುದು ಭಾಲ್ಕಿ ತಾಲೂಕಿನ ಒಂದು ಹಳ್ಳಿಯಲ್ಲಿ. ಅವನ ಮತ್ತು ವೈನಿಯ ಮಗಳು ಗುಡ್ಡಿ ಈ ಸಲ ಐದನೇ ತರಗತಿ ಮುಗಿಸಿದಳು. ಒಂದು ಕೋಚಿಂಗ್ ಕ್ಲಾಸಿನವರು ಅವಳ ಪಾಸ್‌ಪೋರ್ಟ್ ಫೋಟೊ ಹಾಕಿ, ಹಿಂದೆ ಸೂರ್ಯನನ್ನು ಹುಟ್ಟಿಸಿ, ‘ಒಂದೇ ಮಗು, ಮೂರು ಸೀಟು!’ ಎಂದು ಬರೆಸಿದ್ದರು. ಕೆಳಗೆ ಮೂರು ಹೆಸರು. ಬಸವಕಲ್ಯಾಣದ ಹತ್ತಿರ ನಾರಾಯಣಪುರದಲ್ಲಿರುವ ಜವಾಹರ ನವೋದಯ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ. ರಾಜ್ಯ ಸರ್ಕಾರದ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ. ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆ. ಫೋಟೊದಲ್ಲಿ ಗುಡ್ಡಿಯ ಒಂದು ಜಡೆ ಬಿಚ್ಚಿಕೊಂಡಿತ್ತು.

ಕಾಕಾ: ನೋಡ್ರಿ, ನಮ್ಮ ಗುಡ್ಡಿ! ಮನೆತನದ ಹೆಸರು ಬೆಳಗಿದಳು.

ವೈನಿ: ಕಾಕಾ, ಆ ಕ್ಲಾಸಿಗೆ ಅವಳು ಹೋಗಿದ್ದು ನಲವತ್ತು ದಿನ. ಎರಡು ವರ್ಷ, ಸಂಜೆ ಶಾಲೆ ಬಿಟ್ಟ ಮೇಲೂ ಕೂರಿಸಿಕೊಂಡು ಲೆಕ್ಕ ಮಾಡಿಸಿದ್ದು ನಮ್ಮೂರ ಸರ್ಕಾರಿ ಶಾಲೆಯ ಟೀಚರ್. ಅವರ ಫೋಟೊ ಎಲ್ಲಿದೆ?

ತಮ್ಮ: ಟೀಚರ್ ಫ್ಲೆಕ್ಸ್ ಮಾಡಿಸಲ್ಲ ವೈನಿ.

ಮಾಮಾ: ಪೋಸ್ಟರ್ ಬಿಡಿ. ಮೂರರಲ್ಲಿ ಯಾವುದು ಅಂತ ಹೇಳಿ. ನನ್ನ ಮಾತು ಕೇಳುವುದಾದರೆ ಮೂಡುಬಿದಿರೆ. ಊಟ, ವಸತಿ, ಪಾಠ ಎಲ್ಲಾ ಉಚಿತ. ಮುಖ್ಯವಾಗಿ ಕನ್ನಡ ಮಾಧ್ಯಮ. ಮಗು ಇಲ್ಲಿಯವರೆಗೆ ಕನ್ನಡದಲ್ಲೇ ಓದಿದೆ. ವಿಜ್ಞಾನ ತಲೆಗೆ ಹತ್ತಬೇಕಾದರೆ ತನ್ನ ಭಾಷೆಯಲ್ಲಿ ಹತ್ತಲಿ. ಇಂಗ್ಲಿಷ್ ಹಿಂದಿನಿಂದ ಬರುತ್ತದೆ.

ಮಾಮಾ ಅಂದರೆ ವೈನಿಯ ಅಣ್ಣ. ಕಲಬುರಗಿಯಲ್ಲಿ ಕನ್ನಡ ಉಪನ್ಯಾಸಕರು. ಕಾಕಾ ಸಾರಿಗೆ ನಿಗಮದಲ್ಲಿ ಕಂಡಕ್ಟರ್ ಆಗಿ ನಿವೃತ್ತಿಯಾದವರು. ಒಬ್ಬರು ಎಲ್ಲವನ್ನೂ ಭಾಷೆಯಲ್ಲಿ ಅಳೆಯುತ್ತಾರೆ, ಇನ್ನೊಬ್ಬರು ಬಸ್ಸಿನಲ್ಲಿ.

ಕಾಕಾ: ಮೂಡುಬಿದಿರೆ ಎಲ್ಲಿದೆ ಗೊತ್ತೇನ್ರಿ? ರಾಜ್ಯದ ಈ ತುದಿಯಿಂದ ಆ ತುದಿ. ಒಂದು ರಾತ್ರಿ ಪೂರ್ತಿ ಬಸ್ಸಿನಲ್ಲಿ ಕೂತರೂ ಊರು ಬರಲ್ಲ. ಮಗುವಿಗೆ ಜ್ವರ ಬಂದರೆ ಯಾರು ಓಡುವುದು?

ಮಾಮಾ: ಈಗ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆಯಲ್ಲ. ತಂಗಿ ಹೋಗಿ ಬರುತ್ತಾಳೆ. ಟಿಕೆಟ್ ಸೊನ್ನೆ.

ಕಾಕಾ: ಟಿಕೆಟ್ ಸೊನ್ನೆ ಸರಿ. ಸೊಂಟ?

ಇದಕ್ಕೆ ಆರು ಜನ ನಗುವ ಮುಖ ಒತ್ತಿದರು. ಮಾಮಾಗೆ ಅದು ನಾಟಿತು ಅಂತ ನನಗೆ ಆಮೇಲೆ ಗೊತ್ತಾಯಿತು.

ಕಾಕಾ: ಚೆನ್ನಮ್ಮ ಶಾಲೆಗೇ ಹಾಕಿ. ನಮ್ಮ ಜಿಲ್ಲೆಯಲ್ಲೇ ಸೀಟು ಕೊಟ್ಟಿದ್ದಾರೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆಯೊಳಗೆ ಮನೆ. ಇನ್ನೊಂದು ಮಾತು, ನಮ್ಮ ಭಾಗ ಬಿಟ್ಟು ಹೊರಗೆ ಓದಿದರೆ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಕೈಬಿಟ್ಟು ಹೋಗುತ್ತದೆ. ಮುಂದೆ ಡಾಕ್ಟರ್ ಸೀಟಿಗೆ ಅತ್ತರೂ ಸಿಗಲ್ಲ.

ನಾನು: ಇದು ತಪ್ಪು ಕಾಕಾ. 371(ಜೆ) ಸರ್ಟಿಫಿಕೇಟು ಹುಟ್ಟಿದ ಊರು, ವಾಸ, ತಂದೆ ತಾಯಿಯ ವಾಸ ನೋಡಿ ಎಸಿ (ಸಹಾಯಕ ಆಯುಕ್ತರ) ಕಚೇರಿಯಲ್ಲಿ ಕೊಡುತ್ತಾರೆ. ಶಾಲೆ ಮೂಡುಬಿದಿರೆಯಲ್ಲಿದೆ ಅಂತ ಗುಡ್ಡಿ ಬೀದರ್ ಜಿಲ್ಲೆಯವಳು ಅಲ್ಲ ಅಂತ ಆಗಲ್ಲ.

ಕಾಕಾ: ಹಂಗಾದರೆ ಆ ಮಾತು ಬಿಡು. ದೂರ ಮಾತ್ರ ದೂರವೇ.

ತಮ್ಮ: ನವೋದಯದ ಬಗ್ಗೆ ಯಾರೂ ಮಾತೇ ಆಡ್ತಿಲ್ಲವಲ್ಲ? ಆರನೇ ತರಗತಿಗೆ ಒಂದು ಶಾಲೆಗೆ 80 ಸೀಟು. ಇಡೀ ಜಿಲ್ಲೆಯ ಮಕ್ಕಳು ಬರೆಯುತ್ತಾರೆ. ಅದನ್ನು ಬಿಡುವುದಾ?

ಮಾಮಾ: ನವೋದಯದಲ್ಲಿ ಮೊದಲು ಕನ್ನಡ, ಆಮೇಲೆ ಗಣಿತ ವಿಜ್ಞಾನ ಇಂಗ್ಲಿಷು, ಸಮಾಜ ವಿಜ್ಞಾನ ಹಿಂದಿ. ಇದು ಅವರ ನಿಯಮ, ನಾನು ಹೇಳಿದ್ದಲ್ಲ. ಬಸವಣ್ಣನ ಕಲ್ಯಾಣದ ಪಕ್ಕದಲ್ಲಿ ಕೂತು ಮಗು ಚರಿತ್ರೆಯನ್ನು ಹಿಂದಿಯಲ್ಲಿ ಓದಬೇಕಾ?

ಒಳ್ಳೆಯ ಪ್ರಶ್ನೆ. ನಾನೂ ನವೋದಯದಲ್ಲೇ ಓದಿದವಳು. ನಮ್ಮ ತಂಡದವರು ಸಮಾಜವನ್ನೂ ಇಂಗ್ಲಿಷಿನಲ್ಲೇ ಬರೆದೆವು ಅಂತ ಟೈಪ್ ಮಾಡಿದೆ. ಅದರಿಂದ ಮಾಮಾನ ದುಃಖ ಕಡಿಮೆಯಾಗುವುದಿಲ್ಲ ಅಂತ ಅನಿಸಿ ಅಳಿಸಿದೆ.

ಅಷ್ಟರಲ್ಲಿ ಅವ್ವನ ಧ್ವನಿ ಸಂದೇಶ ಬಂತು. ಎರಡು ನಿಮಿಷ, ಹಿಂದೆ ರೊಟ್ಟಿ ಬಡಿಯುವ ಸದ್ದು. ಸಾರಾಂಶ ಇಷ್ಟು. ನವೋದಯದಲ್ಲಿ ಒಂಬತ್ತನೇ ತರಗತಿಗೆ ಮಕ್ಕಳನ್ನು ‘ಹಿಂದಿಯವರ ನಾಡಿಗೆ’ ಕಳಿಸುತ್ತಾರೆ, ನನ್ನನ್ನು ಕಳಿಸಿ ತಾನು ಒಂದು ವರ್ಷ ನಿದ್ದೆ ಮಾಡಲಿಲ್ಲ, ಗುಡ್ಡಿಗೆ ಅದು ಬೇಡವೇ ಬೇಡ.

ಅವ್ವ ಹೇಳಿದ್ದು ನಿಜ. ಒಂಬತ್ತನೇ ತರಗತಿಯಲ್ಲಿ ನೂರಕ್ಕೆ 30 ಮಕ್ಕಳನ್ನು ಒಂದು ವರ್ಷ ಹಿಂದಿ ಪ್ರದೇಶದ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ನಾನು ಉತ್ತರ ಪ್ರದೇಶಕ್ಕೆ ಹೋಗಿದ್ದೆ. ಜನವರಿಯ ಚಳಿಗೆ ಕಾಲ್ಬೆರಳು ಊದಿ ಶೂ ಹಿಡಿಸುತ್ತಿರಲಿಲ್ಲ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ (ಚಟ್ನಿಪುಡಿ) ಎರಡೇ ವಾರಕ್ಕೆ ಮುಗಿಯಿತು, ಅರ್ಧ ತಿಂದಿದ್ದು ಅಲ್ಲಿಯ ಹುಡುಗಿಯರು. ಅವರ ಜೊತೆ ಇವತ್ತಿಗೂ ಮಾತಾಡುತ್ತೇನೆ. ಇಷ್ಟನ್ನು ಗುಂಪಿಗೆ ಬರೆದೆ. ಅವ್ವ ‘ಹಿಂಡಿ ನಿನಗೇ ಅಂತ ಕಟ್ಟಿದ್ದೆ’ ಅಂತ ಇನ್ನೊಂದು ಧ್ವನಿ ಕಳಿಸಿದಳು. ಇಪ್ಪತ್ತು ವರ್ಷದ ಮೇಲೆ ಅದಕ್ಕೊಂದು ಬೈಗುಳ.

ಕಾಕಾ: ನೋಡಿದ್ರಾ. ಅದಕ್ಕೇ ಹೇಳಿದ್ದು, ಹತ್ತಿರದ ಶಾಲೆ. ನನ್ನ ಮಾತು ಯಾವಾಗ ಕೇಳಿದ್ದೀರಿ ನೀವು? ಎರಡು ವರ್ಷದ ಹಿಂದೆಯೇ ಪ್ಯಾಟೆಯ ಕಾನ್ವೆಂಟಿಗೆ ಹಾಕಿ ಅಂದೆ.

ವೈನಿ: ಕಾಕಾ, ಹಾಕಿದ್ದರೆ ಏನಾಗುತ್ತಿತ್ತು ಹೇಳಲಾ? ನವೋದಯದಲ್ಲಿ ನೂರಕ್ಕೆ 75 ಸೀಟು ಹಳ್ಳಿ ಮಕ್ಕಳಿಗೆ. ಮೂರು, ನಾಲ್ಕು, ಐದು, ಮೂರೂ ತರಗತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ನಾಲ್ಕನೇ ತರಗತಿಗೆ ನಿಮ್ಮ ಕಾನ್ವೆಂಟಿಗೆ ಹೋಗಿದ್ದರೆ ಆ ಕೋಟಾ ಅಲ್ಲಿಗೇ ಮುಗೀತು. ಕಾನ್ವೆಂಟ್ ಫೀಜಿಗೆ ದುಡ್ಡಿರಲಿಲ್ಲ ಅಂತ ಅವಳು ಹಳ್ಳಿಯಲ್ಲಿ ಉಳಿದಳು. ದುಡ್ಡಿಲ್ಲದ್ದೇ ಒಳ್ಳೆಯದಾಯಿತು.

ಹತ್ತು ನಿಮಿಷ ಗುಂಪು ಸುಮ್ಮನಿತ್ತು. ಕಾಕಾ ‘ಟೈಪಿಂಗ್’ ಅಂತ ತೋರಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತೋರಿಸುತ್ತಿತ್ತು.

ಕಾಕಾ: ಒಂದು ಕೆಲಸ ಮಾಡೋಣ. ಈಗ ಚೆನ್ನಮ್ಮ ಶಾಲೆಗೆ ಸೇರಿಸಿಬಿಡಿ. ನವೋದಯಕ್ಕೆ ಕೊನೆಯ ದಿನದವರೆಗೆ ಟೈಮ್ ಇದೆ. ಹಿಡಿಸದಿದ್ದರೆ ಅಲ್ಲಿಗೆ ಬದಲಾಯಿಸಿದರಾಯ್ತು.

ಅಣ್ಣ: ಸೀಟು ಮೂರು. ಟಿಸಿ ಒಂದೇ.

ಎರಡು ದಿನದಲ್ಲಿ ಅಣ್ಣ ಬರೆದ ಮೊದಲ ಮಾತು ಇದು. ಅದುವರೆಗೆ ಅವನ ನೀಲಿ ಗೆರೆ ಮಾತ್ರ ಕಾಣುತ್ತಿತ್ತು. ಆ ಹೊತ್ತಿಗೆ ಅವನು ಶಾಲೆಯ ಬೆಂಚಿನ ಮೇಲೆ ಹೆಡ್‌ಮಾಸ್ತರ ಎದುರು ಕೂತಿದ್ದನಂತೆ. ಯಾವ ಶಾಲೆಗೆ ಅಂತ ಹೇಳಿದರೆ ಟಿಸಿ, ಅಂದರೆ ವರ್ಗಾವಣೆ ಪತ್ರ, ಈಗಲೇ ಬರೆದುಕೊಡುತ್ತೇನೆ ಅಂತ ಅವರು ಪೆನ್ನಿನ ಮುಚ್ಚಳ ತೆಗೆದಿಟ್ಟಿದ್ದರು.

ಮಾಮಾ: ಭಾವ, ನೀವೇ ಹೇಳಿಬಿಡಿ.

ವೈನಿ: ಅವರಲ್ಲ, ನಾನು ಹೇಳುತ್ತೇನೆ. ನವೋದಯ.

ಮಾಮಾ: ಕಾರಣ?

ವೈನಿ: ಚೆನ್ನಮ್ಮ ಶಾಲೆ ಹತ್ತನೇ ತರಗತಿಗೆ ಮುಗಿಯುತ್ತದೆ. ನವೋದಯ ಹನ್ನೆರಡರವರೆಗೆ.

ಕಾಕಾ: ಅದಕ್ಕೇನಂತೆ? ಬೀದರ್ ಇದೆಯಲ್ಲ. ನೀಟ್ ಓದಲು ಎಲ್ಲೆಲ್ಲಿಂದಲೋ ಮಕ್ಕಳು ಅಲ್ಲಿಗೆ ಬರುತ್ತಾರೆ.

ವೈನಿ: ಬರುವವರು ಬರುತ್ತಾರೆ ಕಾಕಾ. ನನ್ನ ಹತ್ತನೇದು ಮುಗಿದಾಗ ಕಾಲೇಜು ಎಂಟು ಮೈಲಿ ದೂರ ಇತ್ತು. ಬಸ್ಸೂ ಇತ್ತು. ಮನೆಯವರೆಲ್ಲ ಪಡಸಾಲೆಯಲ್ಲಿ ಕೂತು ಮಾತಾಡಿದರು. ಚಹಾ ನಾನೇ ತಂದುಕೊಟ್ಟೆ. ಚಹಾ ಮುಗಿಯುವುದರೊಳಗೆ ಇನ್ನು ಸಾಕು ಅಂತ ಆಯ್ತು. ಅಣ್ಣ, ನೀನೂ ಅಲ್ಲೇ ಕೂತಿದ್ದೆ. ಗುಡ್ಡಿ ಹತ್ತನೇದು ಮುಗಿಸಿದಾಗ ಅಂಥ ಮೀಟಿಂಗ್ ನಡೆಯುವುದೇ ಬೇಡ.

ವೈನಿ ಅಣ್ಣ ಅಂದಿದ್ದು ಮಾಮಾಗೆ. ಅವರು ಏನೂ ಬರೆಯಲಿಲ್ಲ. ಮೂಡುಬಿದಿರೆಯಲ್ಲೂ ಅದೇ ಊರಲ್ಲಿ ಪಿಯು ಇದೆ ಅಂತ ಅವರು ಹೇಳಬಹುದಿತ್ತು. ನಾನೇ ಅವರ ಪರವಾಗಿ ಹೇಳೋಣ ಅಂದುಕೊಂಡೆ, ಆದರೆ ಬೆರಳು ಹೋಗಲಿಲ್ಲ. ನಡುವೆ ತಮ್ಮ ಬಂದು, ಹುಡುಗಿಯರಿಗೆ ನವೋದಯದಲ್ಲಿ ಒಂಬತ್ತರಿಂದ ಹನ್ನೆರಡರವರೆಗೂ ತಿಂಗಳ 600 ರೂಪಾಯಿ ವಿಕಾಸ ನಿಧಿ ಶುಲ್ಕ ಕಟ್ಟಬೇಕಿಲ್ಲ, ಪೂರ್ತಿ ಮಾಫಿ ಅಂತ ಲೆಕ್ಕ ಹೇಳಿದ. ಯಾರೂ ಉತ್ತರ ಕೊಡಲಿಲ್ಲ.

ರಾತ್ರಿ 9 ಗಂಟೆಗೆ ಮಾಮಾ ಗುಂಪು ಬಿಟ್ಟು ಹೋದರು. ಸಿಟ್ಟೋ, ಬೇಸರವೋ, ಆ ಪಡಸಾಲೆಯ ನೆನಪೋ, ಯಾರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅಣ್ಣ ಟಿಸಿಯ ಫೋಟೊ ಹಾಕಿದ. ನವೋದಯದ ಹೆಸರಿತ್ತು. ಕಾಕಾ ಹೂವಿನ ಚಿತ್ರ ಕಳಿಸಿದರು. ಅವ್ವ ಟ್ರಂಕಿಗೆ ಎರಡು ಕೀ ಇರುವ ಬೀಗ ತನ್ನಿ, ಒಂದು ತನ್ನ ಹತ್ತಿರ ಇರಲಿ ಅಂದಳು. ನಾರಾಯಣಪುರದ ಬೀಗಕ್ಕೆ ಭಾಲ್ಕಿಯಲ್ಲಿ ಕೀ ಇಟ್ಟುಕೊಂಡು ಏನು ಮಾಡುತ್ತೀ ಅಂತ ಯಾರೂ ಕೇಳಲಿಲ್ಲ.

ಸೇರಿಸುವ ದಿನ ಹತ್ತಿರ ಬಂತು. ಟ್ರಂಕು, ಹಾಸಿಗೆ ಸುರುಳಿ, ಬಕೆಟ್ಟು, ಖಡಕ್ ರೊಟ್ಟಿಯ ಗಂಟು, ಮೇಲೆ ಅವ್ವ ತಾನೂ ಬರುತ್ತೇನೆ ಅಂದಳು. ಇಷ್ಟನ್ನು ಬಸ್ಸಿಗೆ ಹತ್ತಿಸುವುದು ತನ್ನಿಂದಲೂ ಆಗಲ್ಲ ಅಂತ ಕಾಕಾನೇ ಒಪ್ಪಿದರು. ಮನೆತನದಲ್ಲಿ ಕಾರು ಇರುವುದು ಒಬ್ಬರ ಹತ್ತಿರ ಮಾತ್ರ. ಅವರನ್ನು ಗುಂಪಿಗೆ ಮತ್ತೆ ಸೇರಿಸಿದ್ದು ಕಾಕಾ.

ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಬಂತು.

ಮಾಮಾ: ಟ್ರಂಕಿನ ಉದ್ದ ಎಷ್ಟು? ಅಳತೆ ಹಾಕಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇದೆ.