ತಣ್ಣೀರಿಗೆ ಪಂಪ್, ಬಿಸಿನೀರು ಸೋಲಾರ್: ಶವರ್‌ಗೆ ಯಾವ ಡೈವರ್ಟರ್?

ಬಚ್ಚಲುಮನೆ
ಮೈಸೂರಿನಲ್ಲಿ ಎರಡಂತಸ್ತಿನ ಮನೆ. ತಾರಸಿಯಲ್ಲಿ 1000 ಲೀಟರ್ ಟ್ಯಾಂಕ್, ಅದರ ತಳದಿಂದ ಮೇಲಂತಸ್ತಿನ ಶವರ್‌ವರೆಗೆ 2.4 ಮೀಟರ್. ಬಿಸಿನೀರು 200 ಲೀಟರ್ ಗಾಜಿನ ಟ್ಯೂಬ್ ಸೋಲಾರ್‌ನಿಂದ. ಶವರ್ ಸಣ್ಣಗೆ ಬರುತ್ತೆ ಅಂತ ತಣ್ಣೀರಿನ ಲೈನಿಗೆ ಮಾತ್ರ ಅರ್ಧ ಎಚ್‌ಪಿ ಪ್ರೆಷರ್ ಪಂಪ್ ಹಾಕಿದೆ. ಈಗ ಸಿಂಗಲ್ ಲಿವರ್ ಡೈವರ್ಟರ್ (ಒಂದೇ ಹಿಡಿಕೆಯಿಂದ ಬಿಸಿ, ತಣ್ಣೀರು ಬೆರೆಸೋ, ಗೋಡೆಯೊಳಗೆ ಕೂರೋ ವಾಲ್ವ್) ನಡುವಿನಲ್ಲಿದ್ದರೂ ಬರೋದು ತಣ್ಣೀರೇ. ಪೂರ್ತಿ ಎಡಕ್ಕೆ ತಿರುಗಿಸಿದರೆ ಬಿಸಿ ಬರುತ್ತೆ, ದಾರದಷ್ಟು. ಸ್ನಾನದ ಹೊತ್ತಿಗೆ ಸೋಲಾರಿನ ಏರ್ ವೆಂಟ್ ಪೈಪಿನಿಂದ ನೀರು ಚೆಲ್ಲುತ್ತೆ. ಅಂಗಡಿಯವರು ಥರ್ಮೋಸ್ಟಾಟಿಕ್ ಮಿಕ್ಸರ್ (ಇಟ್ಟ ಡಿಗ್ರಿಗೆ ತಾನೇ ನೀರು ಬೆರೆಸೋದು) ತಗೊಳ್ಳಿ ಅಂತಾರೆ. ಸರಿಹೋಗುತ್ತಾ?

ಮುಕ್ಕಾಲಿಂಚು
ಇಲ್ಲ, ಸದ್ಯಕ್ಕೆ ಏನೂ ಕೊಳ್ಳಬೇಡಿ. ಯಾವ ಡೈವರ್ಟರೂ ಒತ್ತಡ ಹುಟ್ಟಿಸಲ್ಲ, ಬಂದದ್ದನ್ನು ಬೆರೆಸುತ್ತೆ ಅಷ್ಟೆ. 10 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ 1 ಬಾರ್ ಒತ್ತಡದ ಲೆಕ್ಕ. ನಿಮ್ಮ ಬಿಸಿನೀರಿಗೆ ಇರೋದು 0.24 ಬಾರ್. ಪಂಪ್ 1.5 ಬಾರ್ ಕೊಟ್ಟರೆ ತಣ್ಣೀರು ಅದರ ಆರು ಪಟ್ಟು ಜೋರು. ಶವರ್‌ನ ಸಣ್ಣ ತೂತುಗಳಲ್ಲಿ ಹೊರಗೆ ಹೋಗಲಾರದ ತಣ್ಣೀರು ಡೈವರ್ಟರ್ ಒಳಗಿಂದಲೇ ಬಿಸಿ ಪೈಪಿಗೆ ನುಗ್ಗಿ ಸೋಲಾರ್ ಟ್ಯಾಂಕಿಗೆ ಏರುತ್ತೆ. ವೆಂಟ್‌ನಲ್ಲಿ ಚೆಲ್ಲೋದು ಅದೇ ನೀರು.

ಖಾತ್ರಿ ಮಾಡ್ಕೊಳ್ಳಿ: ಸೋಲಾರ್‌ನಿಂದ ಇಳಿಯೋ ಬಿಸಿ ಲೈನಿನ ವಾಲ್ವ್ ಮುಚ್ಚಿ, ಪಂಪ್ ಚಾಲೂ ಇರಲಿ, ಡೈವರ್ಟರ್ ನಡುವಿಗಿಟ್ಟು ಶವರ್ ಬಿಡಿ. ಆಮೇಲೆ ವಾಶ್ ಬೇಸಿನ್ನಿನ ಬಿಸಿ ನಲ್ಲಿ ತಿರುಗಿಸಿ. ಪೈಪಿನಲ್ಲಿ ಉಳಿದಿದ್ದು ಖಾಲಿಯಾದ ಮೇಲೂ ತಣ್ಣೀರು ಬರ್ತಾನೇ ಇದ್ದರೆ ಅದೇ ರೋಗ. ಜೊತೆಗೆ ಬರೀ ಬಿಸಿನೀರು ಬಿಟ್ಟು 10 ಲೀಟರ್ ಬಕೆಟ್ ಎಷ್ಟು ಹೊತ್ತಿಗೆ ತುಂಬುತ್ತೆ ನೋಡಿ, ಶವರ್ ಇದ್ದಾಗ ಒಮ್ಮೆ, ಬಿಚ್ಚಿ ಇನ್ನೊಮ್ಮೆ.

ಬಚ್ಚಲುಮನೆ
ಬೇಸಿನ್ ನಲ್ಲೀಲಿ ತಣ್ಣೀರು ನಿಲ್ಲಲೇ ಇಲ್ಲ. ಬಕೆಟ್ ಶವರ್ ಇದ್ದಾಗ ಎರಡೂವರೆ ನಿಮಿಷ, ಬಿಚ್ಚಿದಾಗ 1 ನಿಮಿಷ 10 ಸೆಕೆಂಡ್. ಶವರ್ 8 ಇಂಚಿನ ರೇನ್ ಶವರ್. ಪ್ಲಂಬರ್ ಬಿಸಿ ಲೈನಿಗೆ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯೋ ವಾಲ್ವ್) ಹಾಕಿದರೆ ಸಾಕು ಅಂದರು.

ಗೇಟ್‌ವಾಲ್ವ್
ಎನ್‌ಆರ್‌ವಿ ಹಾಕಿದರೆ ಚೆಲ್ಲೋದು ನಿಲ್ಲುತ್ತೆ, ಬಿಸಿನೀರು ಬರಲ್ಲ. ಆ ಕಡೆಯಿಂದ ತಣ್ಣೀರು ಒತ್ತಿಹಿಡಿದಿರುವಾಗ ಅದು ತೆರೆಯೋದು ಹೇಗೆ? ಸ್ಪ್ರಿಂಗ್ ಇರೋದಾದರೆ ಇರುವ 0.24 ಬಾರಿನಲ್ಲಿ ಸ್ಪ್ರಿಂಗ್ ಕೂಡ ಪಾಲು ತಿನ್ನುತ್ತೆ.

ಥರ್ಮೋಸ್ಟಾಟಿಕ್‌ಗೆ ಎರಡೂ ಕಡೆ ಒತ್ತಡ ಹತ್ತಿರಹತ್ತಿರ ಇರಬೇಕು, ಬಿಸಿನೀರು ನೀವಿಟ್ಟ ಡಿಗ್ರಿಗಿಂತ ಸಾಕಷ್ಟು ಮೇಲಿರಬೇಕು. ಮೋಡದ ದಿನ ಸೋಲಾರ್ 40 ಡಿಗ್ರಿ ಕೊಟ್ಟು, ನೀವು 38ಕ್ಕೆ ಇಟ್ಟರೆ ಅದು ತಡವರಿಸುತ್ತೆ. ಬೋರ್‌ವೆಲ್ ನೀರಾದರೆ ಸುಣ್ಣ ಕಟ್ಟಿ ಒಳಗಿನ ಭಾಗ ಜಡವಾಗೋದು ಬೇರೆ.

ಮುಕ್ಕಾಲಿಂಚು
ಬಕೆಟ್ ಲೆಕ್ಕ ನೋಡಿದರೆ ಶವರ್ ಇದ್ದಾಗ ನಿಮಿಷಕ್ಕೆ 4 ಲೀಟರ್, ಬಿಚ್ಚಿದಾಗ ಎಂಟೂವರೆ. ಅರ್ಧಕ್ಕರ್ಧ ತಡೀತಿರೋದು ಆ ರೇನ್ ಶವರ್. ಈ ಎತ್ತರಕ್ಕೆ ಅದು ಬರೀ ಶೋಕಿ.

ಕಡಿಮೆ ಖರ್ಚಿನ ದಾರಿ: ಪಂಪ್ ಬಿಚ್ಚಿ ಎರಡೂ ಲೈನನ್ನು ಟ್ಯಾಂಕಿನ ಎತ್ತರದ ಮೇಲೇ ಬಿಡಿ. ಬಿಸಿ, ತಣ್ಣೀರಿಗೆ ಬೇರೆ ಬೇರೆ ತಿರುಗಣೆ ಇರೋ ವಾಲ್ ಮಿಕ್ಸರ್ ಹಾಕಿಸಿ. ಗೋಡೆಯೊಳಗಿನದೇ ಬೇಕಂದರೆ ಹೈ-ಫ್ಲೋ ಡೈವರ್ಟರ್ ಕೇಳಿ, ಅದರ ಕಾಗದದಲ್ಲಿ 0.2 ಬಾರಿಗೆ ಎಷ್ಟು ಲೀಟರ್ ಅಂತ ಇದೆಯೋ ನೋಡಿ. 0.5 ಬಾರಿನಿಂದ ಶುರುವಾಗೋ ಪಟ್ಟಿ ನಿಮಗೆ ಉಪಯೋಗವಿಲ್ಲ. ಶವರ್ 4 ಇಂಚಿನದು, ತೂತು ದೊಡ್ಡವು. ಪೈಪ್ ಡೈವರ್ಟರ್‌ವರೆಗೂ ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರು ತಾಳೋ ಪ್ಲಾಸ್ಟಿಕ್ ಪೈಪ್), ಕೊನೇಲಿ ಮಾತ್ರ ಅರ್ಧ ಇಂಚು. ತಣ್ಣೀರಿಗೆ ಹಾಕೋ ಯುಪಿವಿಸಿ ಪೈಪ್ ಬಿಸಿ ಲೈನಿಗೆ ಬೇಡವೇ ಬೇಡ, ಬೇಸಿಗೇಲಿ ಎರಡು ದಿನ ಬಳಸದಿದ್ದರೆ ಸೋಲಾರ್ ನೀರು 80 ಡಿಗ್ರಿ ದಾಟುತ್ತೆ. ಟ್ಯಾಂಕ್ ಎತ್ತರಿಸೋ ಯೋಚನೆ ಇದ್ದರೆ, 1 ಮೀಟರ್‌ಗೆ ಸಿಗೋದು 0.1 ಬಾರ್ ಅಷ್ಟೆ. ವೆಂಟ್ ಪೈಪನ್ನೂ ಅಷ್ಟೇ ಎತ್ತರಿಸಬೇಕು, ಇಲ್ಲದಿದ್ದರೆ ದಿನವಿಡೀ ಚೆಲ್ಲುತ್ತೆ. ಸೋಲಾರ್ ಟ್ಯಾಂಕ್ ಅಷ್ಟು ತಡೆಯುತ್ತಾ ಅಂತಲೂ ಮೊದಲು ಕೇಳಿ.

ಬಚ್ಚಲುಮನೆ
ಮನೆಯವರಿಗೆ ರೇನ್ ಶವರೇ ಬೇಕಂತೆ. ಪಂಪಿನ ನೀರನ್ನೇ ಸೋಲಾರಿಗೂ ಕೊಟ್ಟರೆ?

ಗೇಟ್‌ವಾಲ್ವ್
ಖಂಡಿತ ಬೇಡ. ಇಂಥ ಸೋಲಾರಿನ ಗಾಜಿನ ಟ್ಯೂಬುಗಳು ಟ್ಯಾಂಕಿಗೆ ರಬ್ಬರ್ ರಿಂಗಿನ ಮೇಲೆ ಕೂತಿರುತ್ತವೆ. ಒತ್ತಡ ಕೊಟ್ಟರೆ ರಿಂಗ್ ಜಾರಿ ಸೋರುತ್ತೆ, ಟ್ಯಾಂಕಿನ ಬೆಸುಗೆಯೂ ಬಿಡಬಹುದು. ಸೋಲಾರ್ ಆದ ಮೇಲೆ ಬಿಸಿ ಲೈನಿಗೆ ಇನ್ನೊಂದು ಪಂಪ್ ಇಡಬಹುದು. ಆದರೆ ಅದರ ಮೇಲೆ ನೀರಿನ ಗರಿಷ್ಠ ಉಷ್ಣತೆ ಎಷ್ಟು ಅಂತ ಬರೆದಿರುತ್ತೆ, ನೋಡಿ. ಮಾಮೂಲಿ ಪಂಪಿನ ಸೀಲ್ 80 ಡಿಗ್ರಿ ತಾಳಲ್ಲ. ಸೋಲಾರಿಗೆ ಬರೋ ತಣ್ಣೀರಿನ ಪೈಪ್ ಅರ್ಧ ಇಂಚಾದರೆ ಪಂಪ್ ವೆಂಟ್‌ನಿಂದ ಗಾಳಿಯನ್ನೂ ಎಳೆದುಕೊಳ್ಳುತ್ತೆ.

ನನ್ನ ಆಯ್ಕೆ: ಆ ಬಚ್ಚಲಿಗೆ 8 ಬಾರ್ ತಡೆಯೋ 15 ಅಥವಾ 25 ಲೀಟರ್ ಸ್ಟೋರೇಜ್ ಗೀಸರ್, ಪಂಪಿನ ಲೈನಿನಿಂದಲೇ ನೀರು. ಬಿಸಿ, ತಣ್ಣೀರು ಎರಡಕ್ಕೂ ಒಂದೇ ಒತ್ತಡ, ಆಗ ರೇನ್ ಶವರೂ ಆಗುತ್ತೆ, ಥರ್ಮೋಸ್ಟಾಟಿಕ್ಕೂ ಆಗುತ್ತೆ. ಗೀಸರಿನ ಸೇಫ್ಟಿ ವಾಲ್ವ್ ಹನಿಯುತ್ತೆ ಅಂತ ಪ್ಲಗ್ ಹಾಕಿ ಮುಚ್ಚಬೇಡಿ. ಸೋಲಾರ್ ಕೆಳಗಿನ ಬಚ್ಚಲಿಗೆ, ಅಡುಗೆಮನೆಗೆ ಇರಲಿ. ಮೇಲಿನ ಬಚ್ಚಲಿಗೆ ಹೋಗೋ ಸೋಲಾರ್ ಪೈಪನ್ನು ಬರೀ ವಾಲ್ವ್ ಮುಚ್ಚಿ ಬಿಡದೆ ಕತ್ತರಿಸಿ ಎಂಡ್ ಕ್ಯಾಪ್ ಹಾಕಿಸಿ, ಯಾರಾದರೂ ತೆರೆದರೆ ಮತ್ತೆ ಅದೇ ಕಥೆ.

ಮುಕ್ಕಾಲಿಂಚು
ಗೋಡೆ ಒಡೆಯೋದಾದರೆ ಇನ್ನೊಂದು ಮಾತು. ಡೈವರ್ಟರ್ ಬಾಡಿಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕನಿಷ್ಠ, ಗರಿಷ್ಠ ಗೆರೆ ಇರುತ್ತೆ. ಟೈಲ್ಸ್ ಮುಖ ಆ ಎರಡರ ನಡುವೆ ಬರಬೇಕು, ಬರೀ ಗಾರೆ ಮುಖ ನೋಡಿ ಕೂರಿಸಿದರೆ ಹಿಡಿಕೆ ಕೂರಲ್ಲ. ಬಿಸಿ ಎಡಕ್ಕೆ. ಲೈನ್ ಚೆನ್ನಾಗಿ ತೊಳೆದ ಮೇಲೆ ಕಾರ್ಟ್ರಿಜ್ (ಡೈವರ್ಟರ್ ಒಳಗೆ ನೀರು ಬೆರೆಸೋ ಭಾಗ) ಹಾಕಿಸಿ, ಮರಳಿನ ಒಂದು ಕಣ ಸಿಕ್ಕಿದರೂ ಅದರ ಸೆರಾಮಿಕ್ ಡಿಸ್ಕ್ ಗೀರುತ್ತೆ. ಅದೇ ಮಾಡೆಲಿನ ಕಾರ್ಟ್ರಿಜ್ ಒಂದು ಹೆಚ್ಚಿಗೆ ಕೊಂಡಿಡಿ.