ಲಿಲಿಯೆನ್ ಮಾಡಿದ್ದು ಮುದ್ರಣಕಲೆಯಾ, ಬರೀ ಬ್ಲಾಕಾ?

ಕಪ್ಪುಶಾಯಿ:
ಹತ್ತೊಂಬತ್ತನೇ ಶತಮಾನದ ಕೊನೆಯ ಯಹೂದಿ ಮುದ್ರಣಕಲೆ ಅಂದರೆ ನನಗೆ ಎಫ್ರಾಯಿಮ್ ಮೋಸೆಸ್ ಲಿಲಿಯೆನ್. ಗಲಿಷಿಯಾದ (ಆಗ ಆಸ್ಟ್ರಿಯಾ ಆಳ್ವಿಕೆಯ ಪ್ರಾಂತ್ಯ) ದ್ರೋಹೋಬಿಚ್‌ನವನು, ಹುಟ್ಟಿದ್ದು 1874. 1900ರಲ್ಲಿ ‘ಯೂದಾ’ ಎಂಬ ಜರ್ಮನ್ ಕವನ ಸಂಕಲನಕ್ಕೆ ಇವನು ಬರೆದ ಚಿತ್ರ ನೋಡಿ. ಅದಕ್ಕಿಂತ ದೊಡ್ಡ ಯಹೂದಿ ಪುಸ್ತಕ ಆ ಕಾಲದಲ್ಲಿ ಇಲ್ಲ.

ಹಳೇ_ಪ್ರೆಸ್ಸು:
‘ಯಹೂದಿ ಪುಸ್ತಕ’! ಅದರ ಕವಿ ಬೊರ್ರಿಸ್ ಫಾನ್ ಮ್ಯುಂಚ್‌ಹೌಸೆನ್ ಯಹೂದಿಯೇ ಅಲ್ಲ. 1933ರಲ್ಲಿ ಹಿಟ್ಲರನಿಗೆ ನಿಷ್ಠೆ ಬರೆದುಕೊಟ್ಟ ಲೇಖಕರಲ್ಲಿ ಅವನೂ ಒಬ್ಬ. ಇನ್ನು ಚಿತ್ರ. ಪೆನ್ನಿನಲ್ಲಿ ಬರೆದದ್ದನ್ನು ಫೋಟೋ ತೆಗೆದು ಬ್ಲಾಕ್, ಅಂದರೆ ಲೋಹದ ಅಚ್ಚು, ಮಾಡಿಸಿದ್ದು. ಕಲಾವಿದ ಬ್ಲಾಕ್ ಮುಟ್ಟಿಯೇ ಇಲ್ಲ.

ಅಮ್ಮಣ್ಣಿ:
‘ಮುಟ್ಟಿಯೇ ಇಲ್ಲ’ ಅಂತೀರಲ್ಲ, ಇಂಗ್ಲೆಂಡಿನ ಹೆಸರಾಂತ ಚಿತ್ರಕಾರ ಬಿಯರ್ಡ್ಸ್ಲಿ ಬರೆದದ್ದೂ ಅಂಥ ಬ್ಲಾಕಿಗೇ. ಅವನನ್ನೂ ಆಚೆ ಹಾಕ್ತೀರಾ ಸಾರ್?

ಹಳೇ_ಪ್ರೆಸ್ಸು:
ಧಾರಾಳವಾಗಿ. ನಮ್ಮ ತಂದೆ ಪ್ರೆಸ್ಸಿನಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸುತ್ತಿದ್ದರು. ಲಗ್ನಪತ್ರಿಕೆಯ ಗಣಪತಿಯೂ ಬ್ಲಾಕೇ. ಅದನ್ನು ಯಾರೂ ಕಲೆ ಅಂತ ಗೋಡೆಗೆ ನೇತುಹಾಕಲಿಲ್ಲ. ನಿಜವಾದ ಕೆಲಸ ಬೇಕಾದರೆ ಲೂಸಿಯನ್ ಪಿಸಾರೋನನ್ನು ನೋಡಿ. ಯಹೂದಿ ಮನೆತನದ ಫ್ರೆಂಚ್ ಚಿತ್ರಕಾರ ಕ್ಯಾಮಿಲ್ ಪಿಸಾರೋನ ಮಗ. 1894ರಲ್ಲಿ ಇಂಗ್ಲೆಂಡಿನಲ್ಲಿ ಎರಾನಿ ಪ್ರೆಸ್ ಶುರು ಮಾಡಿದ. ಚಿತ್ರದ ಮರದಚ್ಚು ತಾನೇ ಕೆತ್ತಿದ. ಹೆಂಡತಿ ಎಸ್ತರ್ ಕೂಡ ಪ್ರೆಸ್ಸಿನಲ್ಲಿ ದುಡಿದಳು.

ಗೀಚುಗಾರ:
‘ತಾನೇ ಕೆತ್ತಿದ’. ಸರಿ. ಆ ಪ್ರೆಸ್ಸಿನ ಮೊದಲ ಪುಸ್ತಕ ‘ದಿ ಕ್ವೀನ್ ಆಫ್ ದಿ ಫಿಶಸ್’ ತೆಗೆದು ನೋಡಿ. ಚಿತ್ರವೇನೋ ಮರದಚ್ಚು. ಅಕ್ಷರ? ಲೂಸಿಯನ್ ಕೈಯಲ್ಲಿ ಬರೆದದ್ದನ್ನು ಫೋಟೋ ಬ್ಲಾಕ್ ಮಾಡಿಯೇ ಅಚ್ಚು ಹಾಕಿದ್ದು. ನಿಮ್ಮ ಮಡಿ ಅಲ್ಲೇ ಮೈಲಿಗೆಯಾಯ್ತು!

ಹಳೇ_ಪ್ರೆಸ್ಸು:
‘ಚಿತ್ರವೇನೋ ಮರದಚ್ಚು’ ಅಂತ ನೀವೇ ಒಪ್ಪಿದಿರಿ. ಥ್ಯಾಂಕ್ಸ್.

ಅಮ್ಮಣ್ಣಿ:
ಮೀನುಗಳ ರಾಣಿ ಫ್ರೆಂಚ್ ಅಜ್ಜಿಕಥೆ. ಅದರಲ್ಲಿ ಯಹೂದಿಯದು ಏನಿದೆ?

ಹಳೇ_ಪ್ರೆಸ್ಸು:
1896ರಲ್ಲಿ ಅದೇ ಪ್ರೆಸ್ಸು ಯಹೂದಿ ಬೈಬಲಿನ ರೂತ್ ಮತ್ತು ಎಸ್ತರ್ ಪುಸ್ತಕಗಳನ್ನು ತಂದಿದೆ. ಸ್ವಲ್ಪ ಓದಿಕೊಂಡು ಬನ್ನಿ ಮೇಡಂ.

ಗೀಚುಗಾರ:
ಬೈಬಲ್ ಕಥೆಗೆ ಚಿತ್ರ ಮಾಡಿದ್ರೆ ಯಹೂದಿ ಕಲೆ ಆಗುತ್ತೆ ಅನ್ನೋದಾದ್ರೆ ಯಹೂದಿಯೇ ಅಲ್ಲದ ಡಚ್ ಚಿತ್ರಕಾರ ರೆಂಬ್ರಾಂಟ್‌ನನ್ನೂ ಸೇರಿಸಿಬಿಡಿ.

ಕಪ್ಪುಶಾಯಿ:
ಬ್ಲಾಕ್ ಜಗಳ ಬಿಡಿ, ಕವಿಯ ಮಾತಿಗೆ ಬರೋಣ. ಲಿಲಿಯೆನ್ 1902ರಲ್ಲಿ ಮೋರಿಸ್ ರೋಸೆನ್‌ಫೆಲ್ಡ್‌ನ ‘ಲೀಡರ್ ದೆಸ್ ಗೆಟ್ಟೊ’ಗೆ (ಯಹೂದಿ ಕೇರಿಯ ಹಾಡುಗಳು) ಚಿತ್ರ ಬರೆದ. ಈ ಕವಿ ನ್ಯೂಯಾರ್ಕಿನಲ್ಲಿ ಬಟ್ಟೆ ಹೊಲಿದು ಬದುಕಿದವ. ಪೂರ್ವ ಯುರೋಪಿನ ಯಹೂದಿಗಳ ಆಡುಭಾಷೆ ಯಿಡ್ಡಿಶ್‌ನಲ್ಲಿ ಬರೆದವ. ಒಂದು ಚಿತ್ರದಲ್ಲಿ ದರ್ಜಿ ಯಂತ್ರದ ಮೇಲೆ ಬಾಗಿದ್ದಾನೆ, ಧಣಿ ಅವನ ರಕ್ತ ಹೀರುತ್ತಿದ್ದಾನೆ. ಆ ಗೆರೆ ಯಾವ ಬ್ಲಾಕಿನಲ್ಲಿ ಬಂದರೇನು?

ಹಳೇ_ಪ್ರೆಸ್ಸು:
‘1902’. ಹತ್ತೊಂಬತ್ತನೇ ಶತಮಾನ ಅಂತ ಚರ್ಚೆ ಹಾಕಿದವರು ಯಾರು ಸ್ವಾಮಿ?

ಕಪ್ಪುಶಾಯಿ:
ಅಯ್ಯೋ! ಲಿಲಿಯೆನ್ ಮುಂದೆ ಎಚಿಂಗ್ (ಲೋಹದ ತಗಡಿನ ಮೇಲೆ ಗೀರಿ, ಆಮ್ಲದಿಂದ ಕೊರೆದು ಅಚ್ಚು ಹಾಕುವುದು) ಕೂಡ ಮಾಡಿದ. ಅದಾದರೂ ಲೆಕ್ಕಕ್ಕೆ ಬರುತ್ತಾ?

ಹಳೇ_ಪ್ರೆಸ್ಸು:
‘ಮುಂದೆ’ ಅಂದಿರಲ್ಲ. ಅಂದರೆ ‘ಯೂದಾ’ದಲ್ಲಿ ಇಲ್ಲ. ನಾನು ಹೇಳಿದ್ದೂ ಅದನ್ನೇ.

ಅಮ್ಮಣ್ಣಿ:
ಒಂದೇ ಪ್ರಶ್ನೆ. ನಿಮ್ಮ ತಂದೆ ಜೋಡಿಸುತ್ತಿದ್ದ ಮೊಳೆ ಫೌಂಡ್ರಿಯಲ್ಲಿ ಎರಕ ಹೊಯ್ದದ್ದು ತಾನೇ? ಅವರೇ ಕೆತ್ತಿದ್ದಲ್ಲವಲ್ಲ?

ಹಳೇ_ಪ್ರೆಸ್ಸು:
ತಂದೆಯ ಸುದ್ದಿಗೆ ಬರಬೇಡಿ.

ಗೀಚುಗಾರ:
ತಂದೆಯನ್ನು ಕರೆತಂದಿದ್ದು ನೀವೇ ಅಲ್ವಾ?