ಐಒಎಸ್–ಆಂಡ್ರಾಯ್ಡ್: ಯಾರು ಯಾರದ್ದನ್ನು ನಕಲು ಮಾಡಿದ್ದು, ಯಾವ ರಿವ್ಯೂ ನಂಬೋದು?

ಪ್ರಶ್ನೆ: ಐಒಎಸ್, ಆಂಡ್ರಾಯ್ಡ್ ಪರಸ್ಪರ ಏನೇನು ನಕಲು ಮಾಡಿವೆ ಅಂತ ಲೇಖನ ಬರೀಬೇಕು. ರಿವ್ಯೂಗಳನ್ನು ನೋಡಿದರೆ ಒಂದೇ ಫೀಚರ್ ಒಬ್ಬರಿಗೆ ಹೊಸ ಶೋಧ, ಇನ್ನೊಬ್ಬರಿಗೆ ಕಳ್ಳಮಾಲು. ದಿನಾಂಕ ಖಚಿತ ಮಾಡಿಕೊಳ್ಳೋದು ಹೇಗೆ? ಪಕ್ಷಪಾತ ಗುರುತಿಸೋದು ಹೇಗೆ? ಈ ಕೆಲಸ ಬಲ್ಲವರು ದಯವಿಟ್ಟು ಹೇಳಿ.

ಬಗ್‌ಬೇಟೆ:
ರಿವ್ಯೂ ಪಕ್ಕಕ್ಕಿಟ್ಟು ಮೊದಲು ಡೆವಲಪರ್ ದಾಖಲೆ ತೆರೆಯಿರಿ. ಆಂಡ್ರಾಯ್ಡ್ ದಾಖಲೆಯಲ್ಲಿ ಪ್ರತಿ ಕ್ಲಾಸಿಗೂ (ಒಂದು ಕೆಲಸದ ಕೋಡ್ ಘಟಕ) ಒಂದು ಎಪಿಐ ಲೆವೆಲ್, ಅಂದರೆ ಅದು ಯಾವ ಆವೃತ್ತಿಯಲ್ಲಿ ಸೇರಿತು ಅಂತ ಹೇಳುವ ಸಂಖ್ಯೆ, ನಮೂದಾಗಿರುತ್ತೆ, ಆ್ಯಪಲ್ ದಾಖಲೆಯಲ್ಲಿ ‘ಐಒಎಸ್ 14.0+’ ಅನ್ನುವ ಥರ ಇರುತ್ತೆ. ಆ್ಯಪ್‌ವಿಜೆಟ್‌ಮ್ಯಾನೇಜರ್ ಅಂತ ಹುಡುಕಿ, ಅದು ವಿಜೆಟ್ (ಹೋಮ್ ಸ್ಕ್ರೀನ್ ಮೇಲೇ ಮಾಹಿತಿ ತೋರಿಸುವ ಪುಟ್ಟ ಚೌಕ) ನೋಡಿಕೊಳ್ಳುವ ಕ್ಲಾಸು: ಲೆವೆಲ್ 3, ಅಂದರೆ ಆಂಡ್ರಾಯ್ಡ್ 1.5, 2009ರ ಏಪ್ರಿಲ್. ಐಫೋನಿನ ಹೋಮ್ ಸ್ಕ್ರೀನಿಗೆ ವಿಜೆಟ್ ಬಂದದ್ದು ವಿಜೆಟ್‌ಕಿಟ್ ಅನ್ನುವ ಡೆವಲಪರ್ ಸಲಕರಣೆ ಜೊತೆ, 2020ರ ಐಒಎಸ್ 14ರಲ್ಲಿ. ಬೇರೆಯವರು ಮಾಡಿದ ಕೀಬೋರ್ಡ್ ಹಾಕಿಕೊಳ್ಳೋಕೆ ಆಂಡ್ರಾಯ್ಡ್‌ನಲ್ಲಿ ಅದೇ 1.5 ಸಾಕಿತ್ತು, ಐಫೋನಿಗೆ 2014ರ ಐಒಎಸ್ 8 ಬರಬೇಕಾಯಿತು. ಮೇಲಿಂದ ಎಳೆಯುವ ನೋಟಿಫಿಕೇಶನ್ ಪರದೆ 2008ರ ಮೊದಲ ಆಂಡ್ರಾಯ್ಡ್ ಫೋನಿನಲ್ಲೇ ಇತ್ತು, ಐಒಎಸ್‌ಗೆ ಬಂದದ್ದು 2011ರ 5ನೇ ಆವೃತ್ತಿಯಲ್ಲಿ.

ಎಡವೋದು ಇಲ್ಲಿ: ಆ ಲೆವೆಲ್ ಹೇಳೋದು ಡೆವಲಪರ್ ಕೈಗೆ ಯಾವಾಗ ಸಿಕ್ಕಿತು ಅನ್ನೋದನ್ನು ಮಾತ್ರ. ಪರದೆ ಎರಡು ಭಾಗ ಮಾಡುವ ಸೌಲಭ್ಯ ಮೂಲ ಆಂಡ್ರಾಯ್ಡ್‌ಗೆ ಲೆವೆಲ್ 24ರಲ್ಲಿ, 2016ರ 7.0ರಲ್ಲಿ ಸೇರಿತು. ಸ್ಯಾಮ್‌ಸಂಗ್ ನೋಟ್ ಫೋನುಗಳಲ್ಲಿ 2012ರಲ್ಲೇ ಇತ್ತು. ಹಾಗಾಗಿ ‘ಆಂಡ್ರಾಯ್ಡ್’ ಅಂತ ಬರೆದಾಗ ಗೂಗಲ್‌ನದೋ ಫೋನ್ ಕಂಪನಿಯದೋ ಅಂತ ಬಿಡಿಸಿ ಬರೆಯಿರಿ.

ಅಂಚಿನಟಿಪ್ಪಣಿ:
ಮೇಲಿನ ಪಟ್ಟಿಯೇ ಪಕ್ಷಪಾತಕ್ಕೆ ಒಳ್ಳೆ ಉದಾಹರಣೆ, ಬೇಜಾರಾಗಬೇಡಿ. ಒಂದು ದಿನಾಂಕವೂ ತಪ್ಪಿಲ್ಲ, ಆದರೆ ಆರಿಸಿದ್ದೆಲ್ಲ ಆಂಡ್ರಾಯ್ಡ್ ಗೆದ್ದ ಕಡೆಯವೇ. ಖಾಸಗಿತನದ ಕಡೆ ಹೊರಳಿದರೆ ಲೆಕ್ಕ ತಿರುವುಮುರುವು. ಸಂಪರ್ಕ ಪಟ್ಟಿ, ಫೋಟೊ ಮುಟ್ಟುವ ಮೊದಲು ಆ್ಯಪ್ ಅನುಮತಿ ಕೇಳಬೇಕು ಅನ್ನೋದು ಐಒಎಸ್ 6ರಲ್ಲಿ, 2012ಕ್ಕೆ ಬಂತು. ಆಂಡ್ರಾಯ್ಡ್‌ನಲ್ಲಿ 2015ರ 6.0 ತನಕ ಇನ್‌ಸ್ಟಾಲ್ ಮಾಡುವಾಗಲೇ ಎಲ್ಲಕ್ಕೂ ಸೇರಿಸಿ ಹೂಂ ಅನ್ನಬೇಕಿತ್ತು. ‘ಈ ಬಾರಿ ಮಾತ್ರ’ ಅನ್ನುವ ಲೊಕೇಶನ್ ಅನುಮತಿ ಐಒಎಸ್ 13ರಲ್ಲಿ 2019, ಆಂಡ್ರಾಯ್ಡ್ 11ರಲ್ಲಿ 2020. ಕ್ಯಾಮೆರಾ, ಮೈಕ್ ಬಳಕೆಯಲ್ಲಿದ್ದರೆ ಮೂಡುವ ಚುಕ್ಕೆ ಐಒಎಸ್ 14ರಲ್ಲಿ 2020, ಆಂಡ್ರಾಯ್ಡ್ 12ರಲ್ಲಿ 2021.

ಬಿಡುಗಡೆ ದಿನಾಂಕ ಒಂದನ್ನೇ ಹಿಡಿದರೂ ತಪ್ಪುತ್ತೆ. ಆಂಡ್ರಾಯ್ಡ್ 6.0ರ ಹೊಸ ಅನುಮತಿ ವ್ಯವಸ್ಥೆ ಪೂರ್ತಿ ಅನ್ವಯಿಸಿದ್ದು ಟಾರ್ಗೆಟ್ ಲೆವೆಲ್ (ಯಾವ ಎಪಿಐ ಲೆವೆಲ್‌ಗಾಗಿ ಮಾಡಿದ್ದು ಅಂತ ಆ್ಯಪ್ ತಾನೇ ಹೇಳಿಕೊಳ್ಳುವ ಸಂಖ್ಯೆ) 23 ಅಥವಾ ಮೇಲಿದ್ದ ಆ್ಯಪ್‌ಗಳಿಗೆ. 22ಕ್ಕೇ ನಿಂತವು ಹಳೇ ಚಾಳಿಯಲ್ಲೇ ಎಲ್ಲ ಅನುಮತಿ ಮೊದಲೇ ಪಡೀತಿದ್ದವು. ಪ್ಲೇ ಸ್ಟೋರ್ 26ನ್ನು ಕಡ್ಡಾಯ ಮಾಡಿದ್ದು ಹೊಸ ಆ್ಯಪ್‌ಗಳಿಗೆ 2018ರ ಆಗಸ್ಟಿನಿಂದ, ಅಪ್‌ಡೇಟ್‌ಗಳಿಗೆ ನವೆಂಬರಿನಿಂದ. ಹಾಗಾಗಿ ಘೋಷಿಸಿದ್ದು, ಬಿಡುಗಡೆಯಾದದ್ದು, ನಿಜಕ್ಕೂ ಜಾರಿಯಾದದ್ದು ಅಂತ ಮೂರು ಕಾಲಮ್ ಇಟ್ಟುಕೊಳ್ಳಿ.

ಹಳೆಪಾಮ್:
ಇಬ್ಬರ ಜಗಳದಲ್ಲಿ ಮೂರನೆಯವನನ್ನು ಎಲ್ಲರೂ ಮರೀತಾರೆ. ಆ್ಯಪ್‌ಗಳನ್ನು ಇಸ್ಪೀಟೆಲೆಗಳ ಹಾಗೆ ಸಾಲಾಗಿ ತೋರಿಸಿ, ಮೇಲಕ್ಕೆ ಚಿಮ್ಮಿದರೆ ಮುಚ್ಚುವುದು 2009ರ ಪಾಮ್ ಪ್ರೀ ಫೋನಿನ ವೆಬ್ಒಎಸ್‌ನಲ್ಲಿತ್ತು. ಅದರ ವಿನ್ಯಾಸದ ಮುಂದಾಳು ಮಟೀಯಸ್ ದುವಾರ್ಟೆ 2010ರಲ್ಲಿ ಗೂಗಲ್ ಸೇರಿದರು. 2013ರ ಐಒಎಸ್ 7 ಅದೇ ಚಿಮ್ಮುವ ಕ್ರಮ ತಂದಿತು. 2017ರಲ್ಲಿ ಐಫೋನ್ ಟೆನ್ ಹೋಮ್ ಬಟನ್ನನ್ನೇ ತೆಗೆದು ಕೆಳಗಿನಿಂದ ಸವರುವ ಸನ್ನೆ ತಂದಿತು, ಮರುವರ್ಷ ಆಂಡ್ರಾಯ್ಡ್ 9 ಅದೇ ದಾರಿ ಹಿಡಿಯಿತು. ಇಲ್ಲಿ ಯಾರನ್ನು ಕಳ್ಳ ಅಂತೀರಿ? ವಿಚಾರ ಮಾಡಿದವರೇ ಕೆಲಸ ಬದಲಿಸಿಕೊಂಡು ಹೋದಾಗ ಆ ಪದ ಸರಿಹೊಂದಲ್ಲ.

ಕೋರ್ಟ್ ತೀರ್ಪು ತೋರಿಸಿ ‘ನಕಲು ಸಾಬೀತು’ ಅಂತಲೂ ಬರೀಬೇಡಿ. ಜಾರಿಸಿ ಅನ್‌ಲಾಕ್ ಮಾಡುವ ಆ್ಯಪಲ್ ಪೇಟೆಂಟ್ ಸ್ಯಾಮ್‌ಸಂಗ್ ವಿರುದ್ಧ ಅಮೆರಿಕದಲ್ಲಿ ನಿಂತಿತು. ಜರ್ಮನಿಯಲ್ಲಿ 2015ರಲ್ಲಿ ಬಿದ್ದುಹೋಯಿತು, ಯಾಕಂದರೆ ಸ್ವೀಡನ್ನಿನ ನಿಯೋನೋಡ್ ಫೋನಿನಲ್ಲಿ ಅಂಥದ್ದು ಐಫೋನಿಗೆ ಮೊದಲೇ ಇತ್ತು. ಇನ್ನೂ ಹಿಂದಕ್ಕೆ ಹೋದರೆ, ವಿಂಡೋಸ್ ತನ್ನ ಮ್ಯಾಕ್‌ನ ನಕಲು ಅಂತ ಆ್ಯಪಲ್ 1988ರಲ್ಲಿ ಹೂಡಿದ ದಾವೆ 1994ರ ಮೇಲ್ಮನವಿಯಲ್ಲೂ ಸೋತಿತು. ಅದಕ್ಕೆ ದೊಡ್ಡ ಕಾರಣ 1985ರಲ್ಲಿ ಆ್ಯಪಲ್ ತಾನೇ ಮೈಕ್ರೋಸಾಫ್ಟ್‌ಗೆ ಬರೆದುಕೊಟ್ಟ ಲೈಸೆನ್ಸ್. ದಾವೆ ನಡೀತಿರುವಾಗಲೇ, ಮ್ಯಾಕ್‌ನ ವಿನ್ಯಾಸ ನಮ್ಮದರಿಂದ ತೆಗೆದದ್ದು ಅಂತ ಜೆರಾಕ್ಸ್ ಬಂದು ಆ್ಯಪಲ್ ಮೇಲೇ ಕೇಸು ಹಾಕಿತ್ತು! ತೀರ್ಪು ಹೇಳೋದು ಪೇಟೆಂಟ್, ಹಕ್ಕುಸ್ವಾಮ್ಯ, ಲೈಸೆನ್ಸ್ ವಿಷಯ. ಮೊದಲು ಯಾರಿಗೆ ಹೊಳೆಯಿತು ಅನ್ನೋದು ಪೇಟೆಂಟ್ ನಿಲ್ಲುತ್ತಾ ಅಂತ ನೋಡೋಕೆ ಬೇಕಾದಷ್ಟೇ ಅದರಲ್ಲಿ ಬರುತ್ತೆ.

ಲಕ್ಸ್‌ಮೀಟರ್:
ರಿವ್ಯೂ ಬಗ್ಗೆ ಹೇಳ್ತೀನಿ. ಮೊದಲು ಫೋನ್ ಎಲ್ಲಿಂದ ಬಂತು ಅಂತ ಬರೆದಿದ್ದಾರಾ ನೋಡಿ: ಕೊಂಡದ್ದೋ, ಎರವಲೋ, ಉಡುಗೊರೆಯೋ. 2024ರ ಆಗಸ್ಟಿನಲ್ಲಿ ಗೂಗಲ್‌ನ ಪಿಕ್ಸೆಲ್ ಫೋನ್ ಮೊದಲೇ ಕೊಡುವ ಒಂದು ಪ್ರಚಾರ ಕಾರ್ಯಕ್ರಮದ ಷರತ್ತು ಹೊರಬಿತ್ತು. ಬೇರೆ ಬ್ರ್ಯಾಂಡಿಗೆ ಒಲವು ಕಂಡರೆ ಸಂಬಂಧ ಕಡಿದುಕೊಳ್ತೇವೆ ಅಂತ ಅದರಲ್ಲಿತ್ತು. ಗದ್ದಲ ಆದ ಮೇಲೆ ಗೂಗಲ್ ಆ ಸಾಲು ತೆಗೆಯಿತು. ಭಾರತದಲ್ಲಿ 2022ರ ಜೂನ್‌ನಿಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಇದೆ, ಕಂಪನಿ ಜೊತೆಗಿನ ಸಂಬಂಧ ಬಹಿರಂಗ ಮಾಡಲೇಬೇಕು. ವಿಡಿಯೊ ಕೆಳಗಿನ ವಿವರಣೆಯ ಕೊನೇ ಸಾಲಲ್ಲಿ ಅಡಗಿಸಿದ್ದರೆ ಅನುಮಾನ ಪಡಿ.

ದುಡ್ಡು ಮುಟ್ಟದವರೂ ತಪ್ಪಬಹುದು. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಎಲ್ಲವನ್ನೂ ಅಂಗಡಿಯಲ್ಲೇ ಕೊಳ್ಳುತ್ತೆ. ಆದರೂ 2016ರಲ್ಲಿ ಮ್ಯಾಕ್‌ಬುಕ್ ಪ್ರೊ ಮಾದರಿಯೊಂದರ ಬ್ಯಾಟರಿ ಅವರ ಪರೀಕ್ಷೆಯಲ್ಲಿ ಒಮ್ಮೆ 16 ಗಂಟೆ, ಒಮ್ಮೆ 3.75 ಗಂಟೆ ಬಂತು. ಸಫಾರಿ ಬ್ರೌಸರಿನಲ್ಲಿ ಕ್ಯಾಶೆ (ನೋಡಿದ ಪುಟಗಳನ್ನು ಉಳಿಸಿಟ್ಟುಕೊಳ್ಳುವ ವ್ಯವಸ್ಥೆ) ಬಂದ್ ಮಾಡುವ ಡೆವಲಪರ್ ಸೆಟ್ಟಿಂಗ್ ಹಾಕಿ ಪರೀಕ್ಷಿಸ್ತಿದ್ದರು, ಅದು ಸಫಾರಿಯಲ್ಲೇ ಇದ್ದ ಒಂದು ಬಗ್ ಅನ್ನು ಕೆಣಕುತ್ತಿತ್ತು. ಆ್ಯಪಲ್ ಬಗ್ ಸರಿಮಾಡಿತು, 2017ರ ಜನವರಿಯಲ್ಲಿ ಮರುಪರೀಕ್ಷೆ ಆಗಿ ಶಿಫಾರಸು ವಾಪಸ್ ಸಿಕ್ಕಿತು. ಅಳತೆಯ ವಿವರ ಆ್ಯಪಲ್ ಜೊತೆ ಹಂಚಿಕೊಂಡಿದ್ದರಿಂದ ತಪ್ಪು ಸಿಕ್ಕಿತು. ‘ಒಂದು ದಿನ ಆರಾಮಾಗಿ ಬರುತ್ತೆ’ ಅಂತ ಬರೆಯೋರ ತಪ್ಪು ಹಿಡಿಯೋಕೆ ಆಗೋದೇ ಇಲ್ಲ.

ಬೆಂಚ್‌ಮಾರ್ಕ್ (ಫೋನಿನ ವೇಗ ಅಳೆಯುವ ಆ್ಯಪ್) ಸಂಖ್ಯೆ ಒಂದೇ ಓಟದ್ದಾದರೆ ನಂಬಬೇಡಿ. 2013ರಲ್ಲಿ ಗ್ಯಾಲಕ್ಸಿ ಎಸ್4ರ ಎಕ್ಸಿನಾಸ್ (ಸ್ಯಾಮ್‌ಸಂಗ್‌ನದೇ ಚಿಪ್) ಮಾದರಿ ಕೆಲವು ಬೆಂಚ್‌ಮಾರ್ಕ್ ಆ್ಯಪ್‌ಗಳಿಗೆ ಗ್ರಾಫಿಕ್ಸ್ ಚಿಪ್ಪನ್ನು 532 ಮೆಗಾಹರ್ಟ್ಸ್‌ಗೆ ಏರಿಸ್ತಿತ್ತು, ಆಟಗಳಿಗೆ ಮಿತಿ 480. ಆ್ಯಪ್ ಹೆಸರು ನೋಡಿ ಮಾಡುವ ಈ ಆಟ ತಪ್ಪಿಸೋಕೆ ಪ್ಯಾಕೇಜ್ ಹೆಸರು (ಫೋನ್ ಆ್ಯಪನ್ನು ಗುರುತಿಸುವ ಒಳಹೆಸರು) ಬದಲಿಸಿದ ಬೆಂಚ್‌ಮಾರ್ಕ್ ಓಡಿಸ್ತಾರೆ. ಅದು ಸಿಗದಿದ್ದರೆ 3ಡಿಮಾರ್ಕ್‌ನ 20 ಸುತ್ತಿನ ಒತ್ತಡ ಪರೀಕ್ಷೆ ಓಡಿಸಿ ಕೊನೇ ಸುತ್ತಿನ ಅಂಕ ಬರೆಯಿರಿ, ಕವರ್ ತೆಗೆದು, ಎರಡೂ ಫೋನ್ ಒಂದೇ ಕೋಣೆಯಲ್ಲಿಟ್ಟು. ಬ್ಯಾಟರಿ ಹೋಲಿಸುವಾಗ ಪರದೆ ಬೆಳಕನ್ನು ಸ್ಲೈಡರ್ ನೋಡಿ ಸಮ ಮಾಡಬೇಡಿ. ಒಂದರ ಶೇ 50 ಇನ್ನೊಂದರ ಶೇ 50 ಅಲ್ಲ. ಬೆಳಕಿನ ಮೀಟರ್ ಹಿಡಿದು ಎರಡನ್ನೂ 200 ನಿಟ್ಸ್‌ಗೆ (ಪರದೆ ಬೆಳಕಿನ ಅಳತೆ) ತನ್ನಿ.

ಅಂಚಿನಟಿಪ್ಪಣಿ:
ಇನ್ನೊಂದು ಸೇರಿಸ್ತೀನಿ. ಒಬ್ಬ ರಿವ್ಯೂಕಾರರನ್ನು ತೂಗಬೇಕಾದರೆ ಅವರ ಹಳೇ ಬರಹವನ್ನೇ ಸಾಕ್ಷಿಗೆ ಕರೆಯಿರಿ. ವಿಜೆಟ್ ಬಗ್ಗೆ 2020ಕ್ಕೆ ಮುಂಚೆ ‘ಬೇಡದ ಗದ್ದಲ’ ಅಂದವರು ಐಒಎಸ್ 14 ಬಂದಾಗ ‘ಚೊಕ್ಕ’ ಅಂದಿದ್ದಾರಾ? ಪರದೆ ಮೇಲಿನ ಕಚ್ಚನ್ನು (ನಾಚ್) ಐಫೋನ್ ಟೆನ್‌ನಲ್ಲಿ ಗೇಲಿ ಮಾಡಿ, ಮರುವರ್ಷ ಆಂಡ್ರಾಯ್ಡ್ ಫೋನುಗಳಲ್ಲಿ ಸುಮ್ಮನಾದರಾ? ಅಭಿಪ್ರಾಯ ಬದಲಾಗಬಾರದು ಅಂತಲ್ಲ, ಯಾಕೆ ಬದಲಾಯಿತು ಅಂತ ಬರೆದಿರಬೇಕು.

ಒತ್ತಕ್ಷರ:
ಕನ್ನಡದಲ್ಲಿ ಬರೀತಿದ್ದೀರಿ, ಹಾಗಾದರೆ ಇಂಗ್ಲಿಷ್ ರಿವ್ಯೂಗಳು ಮುಟ್ಟದ ಒಂದು ಪರೀಕ್ಷೆ ಮಾಡಿ. ಐಫೋನಿಗೆ ಆ್ಯಪಲ್‌ನದೇ ಕನ್ನಡ ಕೀಬೋರ್ಡ್ ಬಂದದ್ದು 2017ರ ಐಒಎಸ್ 11ರಲ್ಲಿ. ಎರಡೂ ಫೋನಿನಲ್ಲಿ, ಫೋನಿನ ಜೊತೆ ಬಂದ ಕೀಬೋರ್ಡಿನಲ್ಲೇ ‘ಸೂರ್ಯ’ ಮತ್ತು ‘ರ‍್ಯಾಂಕ್’ ಟೈಪ್ ಮಾಡಿ. ಮೊದಲನೆಯದಕ್ಕೆ ಅರ್ಕಾವತ್ತು ಬೇಕು, ಎರಡನೆಯದಕ್ಕೆ ಬೇಡ. ಅದು ಬರದ ಹಾಗೆ ತಡೆಯೋಕೆ ರ ಮತ್ತು ಹಲಂತದ (ಅಕ್ಷರದ ಸ್ವರ ತೆಗೆದು ಒತ್ತು ಮಾಡುವ ಚಿಹ್ನೆ) ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಕೂರಬೇಕು. ಕೀಬೋರ್ಡ್ ಅದನ್ನು ಕೊಡದಿದ್ದರೆ ‘ರ್ಯಾಂಕ್’ ಆಗುತ್ತೆ. ಆಮೇಲೆ ಆ ಪದ ಇರುವ ಒಂದು ಹೆಸರನ್ನು ಸಂಪರ್ಕ ಪಟ್ಟಿಯಲ್ಲಿ ಉಳಿಸಿ, ಜೋಡಕ ಇಲ್ಲದೆ ಹುಡುಕಿ ನೋಡಿ. ಒಂದು ಇನ್ನೊಂದಕ್ಕೆ ಹೊಂದದೆ ಹೆಸರು ಕಾಣೆಯಾಗೋದುಂಟು.